ಜಾಕೆಟ್ಟಿನೊಳಗಿನ ನಲವತ್ನಾಲ್ಕು

ನಲವತ್ತಾರನೆಯ ವಯಸ್ಸಿನ ತನಕ ನಾನು ಕೈಯಲ್ಲಿ ಹಿಡಿದಿದ್ದ ಬಂದೂಕೆಂದರೆ ದೀಪಾವಳಿಯ ಕೇಪಿನ ಪಿಸ್ತೂಲು ಮಾತ್ರ. ಈಗ ನನ್ನ ಹತ್ತಿರ ಒಂದು ರಿವಾಲ್ವರ್ ಇದೆ. ಉದ್ದ ಕಡಿಮೆ, ಅಂಗೈಯಲ್ಲಿ ಬಹುಪಾಲು ಮುಚ್ಚಿಹೋಗುತ್ತದೆ, ಆದರೆ ಕೊಳವೆಯ ಬಾಯಿ ಮಾತ್ರ ದೊಡ್ಡದು. ಅದು ನನ್ನ ಸೊಂಟಕ್ಕೆ ಬಂದು ಸೇರಿದ್ದು ಹೇಗೆ, ಬಂದ ಮೇಲೆ ಏನೇನಾಯಿತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು ನಾನು. ಈಗ ಪರದೇಶದಲ್ಲಿ, ರೆಡ್ಮಂಡ್ ಎಂಬ ಊರಿನ ಒಂದು ಕಂಪನಿಯಲ್ಲಿ ಲ್ಯಾಪ್‌ಟಾಪುಗಳ ಹಿಂಜುಗಳನ್ನು, ಅಂದರೆ ಮುಚ್ಚಳದ ಕೀಲುಗಳನ್ನು, ವಿನ್ಯಾಸ ಮಾಡುತ್ತೇನೆ. ಮುಚ್ಚಳ ತೆಗೆಯುವಾಗ ಎಷ್ಟು ಬಿಗಿ ಇರಬೇಕು, ಮುಚ್ಚುವಾಗ ಎಂಥ ಸದ್ದು ಬರಬೇಕು, ವರ್ಷಗಟ್ಟಲೆ ತೆರೆದು ಮುಚ್ಚಿದರೂ ಸಡಿಲವಾಗದಿರಲು ಏನು ಮಾಡಬೇಕು ಎಂದು ಯೋಚಿಸುವುದಕ್ಕೆ ನನಗೆ ಸಂಬಳ. ಲೋಹದ ಸಣ್ಣ ವಸ್ತು ಏನು ಸಿಕ್ಕಿದರೂ ಬಿಚ್ಚಿ ನೋಡುವುದು ಚಿಕ್ಕಂದಿನ ಚಾಳಿ.

ಮಗಳು ಕಾಲೇಜಿಗೆ ಹೋದ ಮೇಲೆ ನಾವು ಸಮಾಮಿಶ್‌ನ ದೊಡ್ಡ ಮನೆ ಮಾರಿ ಡುವಾಲ್ ಎಂಬ ಸಣ್ಣ ಊರಿನ ಅಂಚಿಗೆ ಬಂದೆವು. ನನ್ನ ಹಟವೇ ಜಾಸ್ತಿ. ಮನೆಯ ಕೆಳಗೆ ಕಣಿವೆ, ಹೊಲಗಳು, ನದಿ. ಹಳೆಯ ರೈಲು ಹಳಿ ಕಿತ್ತು ಮಾಡಿದ ನಡೆದಾಡುವ ದಾರಿಯೊಂದು ಹೊಲಗಳ ಮಧ್ಯೆ ಹೋಗುತ್ತದೆ. ಅಲ್ಲಿ ನಡೆಯುವುದಕ್ಕೆಂದೇ ನಾನು ಆ ಮನೆಯನ್ನು ಒಪ್ಪಿದ್ದು.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಅದೇ ದಾರಿಯಲ್ಲಿ ಒಬ್ಬ ಮನುಷ್ಯ ನನ್ನ ಹಿಂದೆ ಬಂದ. ಬೂದು ಬಣ್ಣದ ಹುಡ್ ತಲೆಗೆಳೆದುಕೊಂಡಿದ್ದ. ನಾನು ಲೇಸ್ ಕಟ್ಟುವ ನೆಪದಲ್ಲಿ ನಿಂತೆ, ಅವನೂ ನಿಂತು ನದಿ ನೋಡತೊಡಗಿದ. ನಾನು ಬಿರಬಿರನೆ ಹೆಜ್ಜೆ ಹಾಕಿದೆ, ಹಿಂದಿನ ಜಲ್ಲಿಯ ಸದ್ದೂ ಬಿರುಸಾಯಿತು. ತಿರುಗಿ ನೋಡಿ, ಇಲ್ಲಿಯವರ ರೂಢಿಯಂತೆ, "ಹಾಯ್" ಎಂದೆ. ಅವನು ಉತ್ತರ ಕೊಡಲಿಲ್ಲ, ನೋಡುತ್ತ ನಿಂತ. ಮುಂದೆ ಕುಂಬಳಕಾಯಿ ಮಾರುವ ತೋಟವೊಂದಿತ್ತು. ಬೇಲಿಯ ಗೇಟು ತಳ್ಳಿಕೊಂಡು ಒಳಗೆ ಹೋಗಿ ಅಲ್ಲಿದ್ದ ಹೆಂಗಸಿಗೆ ವಿಷಯ ಹೇಳಿದೆ. ಆಕೆ ಕುರ್ಚಿ ಕೊಟ್ಟಳು. ಅವನು ಬೇಲಿಯಾಚೆ ನಿಂತು ನಮ್ಮನ್ನು ನೋಡುತ್ತಲೇ ಇದ್ದು, ಆಮೇಲೆ ಬಂದ ದಾರಿಯಲ್ಲಿ ವಾಪಸು ಹೋದ.

ಆದದ್ದು ಇಷ್ಟೇ. ಇಲ್ಲಿಯ ಪೊಲೀಸರಾದ ಶೆರಿಫ್ ಕಚೇರಿಯಿಂದ ಬಂದ ಡೆಪ್ಯುಟಿಗೆ ಹೇಳುವಾಗ ನನಗೇ ಅದು ತೀರಾ ಸಣ್ಣ ಸಂಗತಿಯಂತೆ ಕೇಳಿಸಿತು. ಅವನು ಸಮಾಧಾನದಿಂದ ಕೇಳಿಸಿಕೊಂಡ. ಹೊರಡುವಾಗ, ಚಳಿಗಾಲದಲ್ಲಿ ನದಿ ಉಕ್ಕಿ ಕಣಿವೆಯ ರಸ್ತೆಗಳು ಮುಚ್ಚಿದರೆ ತಾವು ಬಂದು ತಲುಪುವುದು ತಡವಾಗಬಹುದು, ಅದೊಂದು ಮನಸ್ಸಿನಲ್ಲಿರಲಿ ಎಂದ.

"ಆ ದಾರಿ ಬಿಟ್ಬಿಡು," ಎಂದ ನನ್ನ ಗಂಡ. "ಒಂದು ಟ್ರೆಡ್‌ಮಿಲ್ ತರೋಣ."

"ನಡೆಯೋಕೆ ಅಂತಲೇ ಈ ಮನೆ ತಗೊಂಡಿದ್ದು. ಈಗ ಗರಾಜಲ್ಲಿ ನಡೀಲಾ?"

"ಸರಿ, ಪೆಪ್ಪರ್ ಸ್ಪ್ರೇ ಇಟ್ಕೋ."

ಕಣ್ಣಿಗೆ ಖಾರ ಚಿಮ್ಮಿಸುವ ಆ ಡಬ್ಬಿಯನ್ನು ಕೊಂಡು ತಂದೆ. ಉಪಯೋಗಿಸುವ ಮೊದಲು ಪರೀಕ್ಷೆ ಮಾಡದಿದ್ದರೆ ನನಗೆ ಸಮಾಧಾನವಿಲ್ಲ, ಆದ್ದರಿಂದ ಹಿತ್ತಿಲಿಗೆ ಹೋಗಿ ಒಂದು ಸಲ ಒತ್ತಿದೆ. ಕಣಿವೆಯಿಂದ ಏರಿ ಬರುವ ಗಾಳಿ ಅದನ್ನು ಪೂರ್ತಿಯಾಗಿ ನನ್ನ ಮುಖಕ್ಕೇ ತಂದು ಹಾಕಿತು. ಮೆಣಸಿನಕಾಯಿ ಒಗ್ಗರಣೆಯ ಘಾಟು ಗೊತ್ತಿರುವವಳೇ ನಾನು, ಇದು ಅದರ ಹತ್ತಿರಕ್ಕೂ ಬರುವಂಥದ್ದಲ್ಲ. ಸಿಂಕಿನ ಮುಂದೆ ಮುಖ ಬಗ್ಗಿಸಿ ನಿಂತಿದ್ದಾಗ ಗಂಡ ನಗು ತಡೆದುಕೊಂಡು ಟವೆಲ್ ಹಿಡಿದು ನಿಂತಿದ್ದ.

"ಗನ್ ಅಂಗಡಿಗೆ ಹೋಗಿ ನೋಡ್ಕೊಂಡು ಬರ್ತೀನಿ," ಎಂದೆ.

ಅವನ ನಗು ನಿಂತಿತು. "ನೀನು ನೋಡ್ಕೊಂಡು ಬರೋದು ಅಂದ್ರೆ ತಗೊಂಡು ಬರೋದು ಅಂತಲೇ ಅರ್ಥ," ಎಂದ.

ಅಂಗಡಿಯಲ್ಲಿ ಮೊದಲು ನನ್ನ ಮುಂದಿಟ್ಟದ್ದು ಗುಲಾಬಿ ಹಿಡಿಯ ಒಂದು ಸಣ್ಣ ಆಟೊಮ್ಯಾಟಿಕ್ ಪಿಸ್ತೂಲು. ಹೆಂಗಸರು ಇದನ್ನೇ ಇಷ್ಟಪಡುತ್ತಾರೆ ಎಂದ ಅಂಗಡಿಯವನು. ಒಳಗೆ ಏನು ನಡೆಯುತ್ತದೆ ಎಂಬುದು ಹೊರಗಿನಿಂದ ಒಂದಿಷ್ಟೂ ಕಾಣಿಸದ ಯಂತ್ರ ಅದು. ಪಕ್ಕದಲ್ಲಿ ಈ ಗಿಡ್ಡ ರಿವಾಲ್ವರ್ ಇತ್ತು. ಕೇಳಿ ಕೈಗೆ ತೆಗೆದುಕೊಂಡೆ. ಗುಂಡು ತುಂಬುವ ಉರುಳೆ ಒಂದು ಸಣ್ಣ ತೋಳಿನ ಮೇಲೆ ಪಕ್ಕಕ್ಕೆ ತೆರೆದುಕೊಂಡಿತು. ಹಿಂಜು! ಎಲ್ಲೂ ಅಲುಗಾಟವಿಲ್ಲ, ಮುಚ್ಚಿದಾಗ ಒಂದೇ ಒಂದು ಶುದ್ಧವಾದ ಸದ್ದು. ಉರುಳೆಯಲ್ಲಿ ಐದು ತೂತು, ಒಂದೊಂದೂ ನನ್ನ ಕಿರುಬೆರಳಿನ ತುದಿ ಹೋಗುವಷ್ಟು ಅಗಲ. ಖಾಲಿ ಇದೆಯೇ ತುಂಬಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ನಾನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಲೇ ಇದ್ದೆ. ಅಂಗಡಿಯವನು ಕೆಮ್ಮಿ, ಇದು ಕೈಗೆ ಬಹಳ ಒದೆಯುತ್ತದೆ, ಮೊದಲ ಸಲ ಕೊಳ್ಳುವವರು ಯಾರೂ ಇದನ್ನು ಕೇಳುವುದಿಲ್ಲ ಎಂದ. ನಾನು ಅದನ್ನೇ ಕೇಳಿದೆ.

ಇದರ ಗುಂಡಿಗೆ ನಲವತ್ನಾಲ್ಕು ಎಂದು ಹೆಸರು. ಇಂಚನ್ನು ನೂರು ಪಾಲು ಮಾಡಿದರೆ ಅದರಲ್ಲಿ ನಲವತ್ನಾಲ್ಕು ಪಾಲು ಅಡ್ಡಳತೆ ಇರಬೇಕು ಎಂದುಕೊಂಡಿದ್ದೆ. ಮನೆಗೆ ಬಂದು ಕ್ಯಾಲಿಪರ್ ಹಿಡಿದು ಅಳೆದರೆ ನಲವತ್ಮೂರೂ ಇಲ್ಲ. ಹಳೆಯ ಕಾಲದ ಯಾವುದೋ ಲೆಕ್ಕ ಹೆಸರಿಗಷ್ಟೇ ಉಳಿದುಕೊಂಡಿದೆಯಂತೆ. ಈ ಸಂಗತಿಯನ್ನು ಊಟ ಮಾಡುತ್ತ ಗಂಡನಿಗೆ ಹೇಳಿದಾಗ ಅವನು ತಟ್ಟೆಯಿಂದ ತಲೆ ಎತ್ತದೆ, "ಮನುಷ್ಯರಿಗೆ ತಗುಲಿದಾಗ ಆ ವ್ಯತ್ಯಾಸ ಗೊತ್ತಾಗುತ್ತಾ?" ಎಂದು ಕೇಳಿದ.

ಕಲಿಸಿದವರು ಕೆನ್ಮೋರಿನಲ್ಲಿರುವ ಒಬ್ಬ ಹಿರಿಯ ಹೆಂಗಸು. ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು, ಈಗ ಹೆಂಗಸರಿಗೆ ಬಂದೂಕು ಕಲಿಸುತ್ತಾರೆ. ನನ್ನ ರಿವಾಲ್ವರ್ ನೋಡಿ, "ಇಷ್ಟು ಚಿಕ್ಕ ಮೈಗೆ ಇಷ್ಟು ದೊಡ್ಡ ಗುಂಡು ಯಾಕೆ?" ಎಂದು ಕೇಳಿದರು.

"ಇದು ಅರ್ಥವಾಗುತ್ತೆ, ಅದಕ್ಕೆ," ಎಂದೆ.

"ಅರ್ಥವಾಗಿದ್ದು ಅರ್ಧ. ಉಳಿದದ್ದನ್ನ ಅದೇ ಹೇಳುತ್ತೆ," ಎಂದು ಕಿವಿಗೆ ಮುಚ್ಚಳ ಕೊಟ್ಟರು.

ಹೇಳಿತು. ಮೊದಲ ಗುಂಡು ಹೊಡೆದಾಗ, ಗ್ಲೌಸಿಲ್ಲದೆ ಕ್ರಿಕೆಟ್ ಚೆಂಡು ಹಿಡಿದಂತೆ ಅಂಗೈ ಉರಿಯಿತು. ಸದ್ದು ಕಿವಿಯಲ್ಲಿ ಕೇಳಿಸಿದ್ದಕ್ಕಿಂತ ಎದೆಯಲ್ಲಿ ಕೇಳಿಸಿತು. ಗುರಿಯ ಕಾಗದದಲ್ಲಿ ತೂತು ಎಲ್ಲಿದೆ ಎಂದು ಹುಡುಕಿದರೆ ಕಾಗದದಲ್ಲಿ ತೂತೇ ಇರಲಿಲ್ಲ. ಹೆಬ್ಬೆರಳಿನ ಸಂದಿ ನೀಲಿಗಟ್ಟಿ ವಾರವಿಡೀ ಕೀಬೋರ್ಡಿನ ಸ್ಪೇಸ್ ಒತ್ತಲು ತೋರುಬೆರಳು ಬಳಸಬೇಕಾಯಿತು. ಆದರೂ ಮುಂದಿನ ವಾರ ಹೋದೆ, ಅದರ ಮುಂದಿನ ವಾರವೂ ಹೋದೆ. ಗುಂಡು ಹೊಡೆಯುವುದಕ್ಕಿಂತ ಹೊಡೆಯದಿರುವುದನ್ನೇ ಆಕೆ ಹೆಚ್ಚು ಕಲಿಸುತ್ತಿದ್ದರು. ದೂರ ಸರಿಯುವುದು ಹೇಗೆ, ಗಟ್ಟಿಯಾಗಿ "ಅಲ್ಲೇ ನಿಲ್ಲಿ" ಎನ್ನುವುದು ಹೇಗೆ, ಬಾಗಿಲು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದು ಹೇಗೆ. ನನ್ನ ದನಿ ಸಾಲದು ಎಂದು, ಸಂಗೀತದ ಟೀಚರಲ್ಲವೇ, ಹೊಟ್ಟೆಯಿಂದ ದನಿ ತೆಗೆಯುವುದನ್ನೂ ಹೇಳಿಕೊಟ್ಟರು.

ಶೆರಿಫ್ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು, ಬಂದೂಕನ್ನು ಬಟ್ಟೆಯ ಮರೆಯಲ್ಲಿ ಒಯ್ಯುವ ಪರವಾನಗಿ ಪಡೆದು, ಸೊಂಟದ ಬಲಗಡೆ ಚರ್ಮದ ಚೀಲದಲ್ಲಿ ಅದನ್ನು ಇಟ್ಟುಕೊಂಡು ಮೊದಲ ಸಲ ಹೊರಗೆ ಹೊರಟ ದಿನ ನನಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ. ಈ ಊರಿನಲ್ಲಿ ವರ್ಷದ ಮುಕ್ಕಾಲು ಪಾಲು ಎಲ್ಲರೂ ಜಾಕೆಟ್ಟಿನಲ್ಲೇ ಇರುತ್ತಾರೆ, ಒಳಗೆ ಏನಿದೆ ಎಂದು ಯಾರಿಗೆ ಗೊತ್ತು? ಆ ಪ್ರಶ್ನೆ ನನಗೇ ತಿರುಗಿ ಬಂತು. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಾಗ ಮುಂದಿನವರ ಸೊಂಟ, ಹಿಂದಿನವರ ಸೊಂಟ ನೋಡತೊಡಗಿದೆ.

ನಾನು ಧೈರ್ಯವಂತೆಯಾಗುತ್ತೇನೆ ಅಂದುಕೊಂಡಿದ್ದೆ. ಆದದ್ದು ಬೇರೆ. ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಮೊದಲು ಕನ್ನಡದಲ್ಲಿ ಚೆನ್ನಾಗಿ ಬೈಯುತ್ತಿದ್ದವಳು ಈಗ ಕೈ ಬೀಸಿ ದಾರಿ ಬಿಡುತ್ತಿದ್ದೆ. ಸೊಂಟದಲ್ಲಿ ಇಂಥದ್ದನ್ನು ಇಟ್ಟುಕೊಂಡು ಜಗಳಕ್ಕೆ ನಿಲ್ಲುವ ಹಾಗಿಲ್ಲ, ಯಾವ ಜಗಳ ಎಲ್ಲಿಗೆ ಹೋಗುತ್ತದೋ. ಆಫೀಸಿಗೆ ತರುವಂತಿಲ್ಲ, ಅಂಚೆ ಕಚೇರಿಗೆ ಒಯ್ಯುವಂತಿಲ್ಲ. ಕಾರಿನ ಸೀಟಿನಡಿಯಲ್ಲಿ ಉಕ್ಕಿನ ಪೆಟ್ಟಿಗೆ ಬಂತು, ಹೋಗುವ ಕಡೆಗಳನ್ನೆಲ್ಲ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವುದು ಅಭ್ಯಾಸವಾಯಿತು. ಕಣಿವೆಯ ದಾರಿಯಲ್ಲಿ ಆ ಬೂದು ಹುಡ್ಡಿನವನು ಮತ್ತೆ ಕಾಣಿಸಲಿಲ್ಲ. "ಬಂದಿದ್ರೆ ತೆಗೀತಿದ್ಯಾ?" ಎಂದು ಗಂಡ ಒಮ್ಮೆ ಕೇಳಿದ. ಪ್ರಾಮಾಣಿಕವಾಗಿ ಗೊತ್ತಿಲ್ಲ ಎಂದೆ. ಈಗಲೂ ಗೊತ್ತಿಲ್ಲ.

ಜನವರಿಯಲ್ಲಿ ಸಂಕ್ರಾಂತಿ ಬಂತು. ಸಮಾಮಿಶ್‌ನಲ್ಲಿರುವ ನನ್ನ ಗೆಳತಿ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಿದ್ದಳು. ಅವಳೂ ನಾನೂ ಈ ಊರಿಗೆ ಬಂದ ಹೊಸದರಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದವರು, ಅಕ್ಕತಂಗಿಯರ ಹಾಗೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ನನ್ನ ಗಂಡ ಕೆಲಸದ ಮೇಲೆ ಊರಲ್ಲಿರಲಿಲ್ಲ. ನಾನು ಬೆಳಿಗ್ಗೆ ನಡೆದಾಡಿಕೊಂಡು ಹಾಗೇ ಕಾರು ಹತ್ತಿ ಹೋದೆ.

ಬಾಗಿಲಲ್ಲೇ ಅವಳು ಅಪ್ಪಿಕೊಂಡಳು. ಕೈ ನನ್ನ ಸೊಂಟದ ಮೇಲೆ ನಿಂತಿತು. "ಏನೇ ಇದು, ಬೆಲ್ಟ್ ಹಾಕ್ಕೊಂಡಿದ್ಯಾ? ಬೆನ್ನುನೋವಾ?"

ನಾನು ಅವಳನ್ನು ದಿನಸಿ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ ಹೇಳಿದೆ. ಅವಳು ಬೇಳೆ ಡಬ್ಬಗಳಿಗೆ ಒರಗಿ ನಿಂತಳು.

"ತುಂಬಿದ್ಯಾ?"

"ತುಂಬಿದೆ."

"ನೋಡು, ನೀನು ಆ ಕಾಡು ಮೂಲೇಲಿ ಇರ್ತೀಯ, ನಿನಗೆ ಬೇಕೇನೋ. ನಾನು ಏನೂ ಹೇಳಲ್ಲ. ಆದ್ರೆ ಮಕ್ಕಳು ಓಡಾಡೋ ಮನೆ ಕಣೇ. ನನ್ನ ಮನೆಯೊಳಗೆ ಗನ್ ಬೇಡ. ಬೇಜಾರ್ ಮಾಡ್ಕೋಬೇಡ."

"ಬೇಜಾರಿಲ್ಲ. ಕಾರಲ್ಲಿ ಇಟ್ಟು ಬರ್ತೀನಿ."

ಅವಳ ಮಾತು ನ್ಯಾಯವಾದದ್ದೇ. ನಾನು ಹೊರಗೆ ಹೋಗಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿರುವಾಗ ಅವಳ ಗಂಡ ಕೊಡೆ ಹಿಡಿದುಕೊಂಡು ಬಂದರು. ಹಾಸನದ ಕಡೆಯವರು, ಮೆತ್ತಗಿನ ಮನುಷ್ಯ, ಯಾವ ಕೂಟದಲ್ಲೂ ಬಡಿಸುವ ಸೌಟು ಅವರ ಕೈಯಲ್ಲೇ ಇರುತ್ತದೆ. ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, "ಆ ಪೆಟ್ಟಿಗೆ ಎಲ್ಲಿ ಸಿಗುತ್ತೆ?" ಎಂದರು.

"ಯಾಕೆ?"

"ನನ್ನ ಹತ್ರಾನೂ ಒಂದಿದೆ. ಇವಳಿಗೆ ಗೊತ್ತಿಲ್ಲ."

ನಾನು ಮೊದಲು ಕೇಳಿದ್ದು ಎಲ್ಲಿದೆ ಎಂದು. ಗರಾಜಿನಲ್ಲಿ, ಮೇಲಿನ ಶೆಲ್ಫಿನಲ್ಲಿ, ಹಳೆಯ ರೈಸ್ ಕುಕ್ಕರಿನ ಡಬ್ಬದೊಳಗೆ ಎಂದರು. ಬೀಗ ಇಲ್ಲ. ಕೋವಿಡ್ ಶುರುವಾದ ಕಾಲದಲ್ಲಿ ತೆಗೆದುಕೊಂಡದ್ದು, ಆಮೇಲೆ ಮುಟ್ಟಿಲ್ಲ.

"ಯೋಚನೆ ಮಾಡ್ಬೇಡಿ, ಖಾಲಿನೇ ಇದೆ. ಗುಂಡು ತುಂಬೋ ಮ್ಯಾಗಜೀನ್ ತೆಗೆದು ಬೇರೆ ಇಟ್ಟಿದೀನಿ."

ನನ್ನದರಂತೆ ಉರುಳೆ ತೆರೆದು ಕಣ್ಣಿಂದ ನೋಡುವ ಯಂತ್ರವಾಗಿದ್ದರೆ ನಾನೇ ನೋಡಿಬಿಡುತ್ತಿದ್ದೆ. ಇದು ಆಟೊಮ್ಯಾಟಿಕ್, ನನಗೆ ಗೊತ್ತಿಲ್ಲದ ಜಾತಿ. ನಾವಿಬ್ಬರೂ ಗರಾಜಿಗೆ ಹೋಗಿ, ಮನೆಯೊಳಗಿನ ಬಾಗಿಲಿಗೆ ಚಿಲಕ ಹಾಕಿ, ನನಗೆ ಬಂದೂಕು ಕಲಿಸಿದ ಸಂಗೀತದ ಟೀಚರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟೆವು. ಅವರು ಪೂರ್ತಿ ಕೇಳಿಸಿಕೊಂಡು, ಯಾರು ಹಿಡಿದಿದ್ದಾರೆ ಎಂದು ಕೇಳಿದರು. ಅದರ ಯಜಮಾನರು ಎಂದೆ. "ಬೆರಳು ಟ್ರಿಗರಿನಿಂದ ಹೊರಗಿರಲಿ. ಕೊಳವೆಯ ಬಾಯಿ ಯಾವ ಕಡೆಗಿದೆ? ಆ ಕಡೆ ಏನಿದೆ?"

ನಾನು ನೋಡಿದೆ. "ಅಕ್ಕಿ."

"ಎಷ್ಟು?"

"ಮೂಟೆಗಟ್ಟಲೆ. ಅದರ ಹಿಂದೆ ಕಾಂಕ್ರೀಟ್ ಗೋಡೆ."

"ಒಳ್ಳೆಯದು. ಅಕ್ಕಿಯ ಕಡೆಗೇ ಇರಲಿ. ಮೇಲಿನ ಭಾಗವನ್ನ ಗಟ್ಟಿಯಾಗಿ ಹಿಂದಕ್ಕೆ ಎಳೆಯಲಿ."

ಅಷ್ಟರಲ್ಲಿ ಚಿಲಕ ಅಲುಗಾಡಿತು. ಚಿಕ್ಕ ಮಗಳ ದನಿ. "ಅಪ್ಪ, ವೈ ಈಸ್ ದ ಡೋರ್ ಲಾಕ್ಡ್? ಐ ವಾಂಟ್ ಐಸ್‌ಕ್ರೀಮ್." ಅವಳು ಹೇಳುವ ಐಸ್‌ಕ್ರೀಮಿನ ಫ್ರಿಜ್ಜು ಆ ಶೆಲ್ಫಿನ ಕೆಳಗೇ ಇತ್ತು.

"ಒಂದ್ನಿಮಿಷ ಪುಟ್ಟಿ, ಒಳಗೆ ಹೋಗು," ಎಂದರು. ಹೆಜ್ಜೆಯ ಸದ್ದು ದೂರವಾಗುವ ತನಕ ಕಾದು, ಮೇಲಿನ ಭಾಗವನ್ನು ಹಿಂದಕ್ಕೆ ಎಳೆದರು.

ಒಳಗಿನಿಂದ ಸಿಡಿಯದ ಒಂದು ಗುಂಡು ಚಿಮ್ಮಿ ಬಂದು ನೆಲಕ್ಕೆ ಬಿತ್ತು. ಟಿಣ್ ಎಂದು ಉರುಳಿಕೊಂಡು ಹೋಗಿ ಕಾರಿನ ಕೆಳಗೆ ಸೇರಿತು.

ಫೋನಿನಲ್ಲಿ ಟೀಚರಿಗೂ ಆ ಸದ್ದು ಕೇಳಿಸಿರಬೇಕು. "ಅದು ಅಲ್ಲಿತ್ತು ಅಂತ ಆತನಿಗೆ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದರು. ಗೊತ್ತಿರಲಿಲ್ಲ. ಮ್ಯಾಗಜೀನ್ ತೆಗೆದರೂ ಕೊಳವೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು ಎಂಬುದೇ ಗೆಳತಿಯ ಗಂಡನಿಗೆ ಗೊತ್ತಿರಲಿಲ್ಲ. ಕೊಂಡ ಹೊಸದರಲ್ಲಿ ಒಮ್ಮೆ ಹೊರಗೆ ಸದ್ದಾಯಿತೆಂದು ವಿಡಿಯೋ ನೋಡಿಕೊಂಡು ತುಂಬಿದ್ದರಂತೆ.

ಅವರು ಅಕ್ಕಿ ಮೂಟೆಯ ಮೇಲೆ ಕೂತರು. ನಾನು ಬಗ್ಗಿ, ಪೊರಕೆಯಿಂದ ಕಾರಿನ ಕೆಳಗಿನ ಗುಂಡನ್ನು ಹೊರಗೆಳೆದೆ. ಬಂದೂಕಿನ ಜೊತೆ ಬಂದಿದ್ದ ತಂತಿಯ ಬೀಗ, ಪ್ಲಾಸ್ಟಿಕ್ ಕವರು ಕೂಡ ಒಡೆಯದೆ, ಅದೇ ಡಬ್ಬದಲ್ಲಿತ್ತು. ಅದನ್ನು ಹಾಕಿದೆವು. ಕೇಳಬಾರದೇನೋ ಅಂದುಕೊಳ್ಳುತ್ತಲೇ ಕೇಳಿದೆ. "ಯಾವುದಕ್ಕೆ ಹೆದರಿ ತಗೊಂಡ್ರಿ?"

"ಹೆದರಿಕೆ ಅಂತಲ್ಲ..." ಎಂದು ಹಾಕಿದ ಬೀಗವನ್ನು ಎಳೆದು ನೋಡಿದರು. ಆಮೇಲೆ ಹೇಳಿದರು. ಅಂಗಡಿಯಲ್ಲಿ ಏನೂ ಸಿಗದಿದ್ದ ಆ ದಿನಗಳಲ್ಲಿ, ಪಾರ್ಕಿಂಗ್ ಜಾಗದಲ್ಲಿ ಒಬ್ಬ ಇವರ ಕಾರಿಗೆ ಅಡ್ಡ ನಿಂತು, ಡಿಕ್ಕಿಯಲ್ಲಿದ್ದ ಅಕ್ಕಿ ಚೀಲಗಳನ್ನು ತೋರಿಸಿ, ನಿಮ್ಮ ದೇಶಕ್ಕೆ ಹೋಗಿ ತಿನ್ನಿ ಎಂದು ಕಿರುಚಿದನಂತೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಮಕ್ಕಳಿದ್ದರು. ಇವರು ಕಿಟಕಿ ಏರಿಸಿಕೊಂಡು ಅವನು ಸರಿಯುವ ತನಕ ಕೂತಿದ್ದರು. "ಅಂಕಲ್ ಯಾಕೆ ಕಿರುಚಿದ್ರು ಅಂತ ದೊಡ್ಡವಳು ಕೇಳಿದ್ಲು. ಪಾರ್ಕಿಂಗ್ ವಿಷಯ ಅಂದೆ."

"ಹೆಂಡತಿಗೆ ಹೇಳಲಿಲ್ವಾ?"

"ಏನಂತ ಹೇಳ್ಲಿ? ಸುಮ್ನೆ ಕೂತಿದ್ದೆ ಅಂತಾನಾ? ಅದು ಹೇಳ್ಲಿಲ್ಲ, ಅದಕ್ಕೇ ಇದೂ ಹೇಳಕ್ಕಾಗ್ಲಿಲ್ಲ."

ನನಗೆ ಆ ಪಿಸ್ತೂಲಿಗಿಂತ ಈ ಮಾತು ಭಾರವೆನಿಸಿತು. ಇಷ್ಟು ವರ್ಷ ಆ ಡಬ್ಬದಲ್ಲಿ ಅವರು ಬಚ್ಚಿಟ್ಟಿದ್ದು ಆ ಮಧ್ಯಾಹ್ನವನ್ನು.

ಬೀಗದ ಕೈಯನ್ನು ಅವರ ಕೈಯಲ್ಲಿಟ್ಟು, "ಇದನ್ನ ಇವತ್ತೇ ಅವಳಿಗೆ ಕೊಡಿ," ಎಂದೆ. "ಎಲ್ಲಾ ಹೇಳಿ ಕೊಡಿ. ನೀವು ಹೇಳದಿದ್ರೆ ನಾನು ಹೇಳ್ಬೇಕಾಗುತ್ತೆ. ಮಕ್ಕಳಿರೋ ಮನೆ." ಸ್ವಲ್ಪ ಹೊತ್ತಿನ ಹಿಂದೆ ಗೆಳತಿ ನನಗೆ ಹೇಳಿದ ಮಾತನ್ನೇ ನಾನು ಅವರಿಗೆ ಹೇಳುತ್ತಿದ್ದೆ. ಅವರು ತಲೆಯಾಡಿಸಿದರು. ಊಟಕ್ಕೆ ಕೂತಾಗ ಯಾವಾಗಿನಂತೆ ಸೌಟು ಹಿಡಿದು ಎಲ್ಲರಿಗೂ ಪೊಂಗಲ್ ಬಡಿಸಿದರು. ನನ್ನ ಗೆಳತಿ ಎಳ್ಳುಬೆಲ್ಲದ ಪೊಟ್ಟಣ ಕೊಡುತ್ತ, "ಮುಖ ಯಾಕೆ ಹಾಗಿದೆ? ನಾನಂದಿದ್ದು ಬೇಜಾರಾಯ್ತಾ?" ಎಂದಳು. ಇಲ್ಲವೆಂದೆ.

ಮರುದಿನ ನಾನು ಆಫೀಸಿನಲ್ಲಿದ್ದಾಗ ಅವಳ ಫೋನು ಬಂತು.

"ನನಗಿಂತ ಮೊದಲು ನಿನಗೆ ಗೊತ್ತಿತ್ತು."

"ಒಂದು ಮಧ್ಯಾಹ್ನದಷ್ಟು ಮೊದಲು."

"ನನ್ನ ಮನೇಲಿ ಗನ್ ಬೇಡ ಅಂತ ನಿನ್ನ ಹೊರಗೆ ಕಳಿಸ್ದೆ. ಮಕ್ಕಳ ಐಸ್‌ಕ್ರೀಮ್ ಮೇಲೇ ಒಂದಿತ್ತು." ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಆ ಪಾರ್ಕಿಂಗ್ ವಿಷಯಾನೂ ಹೇಳಿದ್ರು." ಆಮೇಲೆ, "ನೀನು ಕಲಿತ್ಯಲ್ಲ, ಆ ಟೀಚರ್ ಹತ್ರ ನನ್ನ ಕರ್ಕೊಂಡು ಹೋಗು. ಇಬ್ಬರನ್ನೂ," ಎಂದಳು.

"ಕಲೀತೀಯಾ?"

"ಇಲ್ಲ. ಅದೇನು ಅಂತ ನೋಡ್ಬೇಕು."

ಮಕ್ಕಳು ನೃತ್ಯದ ಕ್ಲಾಸಿನಲ್ಲಿದ್ದ ಒಂದು ಶನಿವಾರ ಹೋದೆವು. ಗೆಳತಿ ಬಹಳ ಪ್ರಶ್ನೆ ಕೇಳಿದಳು. ಎಷ್ಟು ದೂರ ಹೋಗುತ್ತದೆ, ನಮ್ಮ ಮನೆಯ ಗೋಡೆಗಳನ್ನು ದಾಟುತ್ತದೆಯೇ, ಪಕ್ಕದ ಮನೆಯ ಗೋಡೆಯನ್ನು? ಟೀಚರು ಒಂದಕ್ಕೂ ಸಕ್ಕರೆ ಸವರದೆ ಉತ್ತರ ಕೊಟ್ಟರು. ದಾಟುತ್ತದೆ, ಎರಡೂ ಮನೆಗಳದ್ದನ್ನು. ಕೊನೆಗೆ ಅವಳು ನನ್ನ ರಿವಾಲ್ವರ್ ತೋರಿಸಿ, ಒಂದೇ ಒಂದು ಸಲ ಎಂದಳು. ಇನ್ನೂ ಸಣ್ಣದರಲ್ಲಿ ಶುರು ಮಾಡಿ ಎಂದು ಟೀಚರು ಹೇಳಿದರೂ ಕೇಳಲಿಲ್ಲ. ಒಂದೇ ಗುಂಡು ತುಂಬಿ ಕೊಟ್ಟರು.

ಹೊಡೆದಳು. ಎರಡು ಕೈಯೂ ಹಣೆಯ ಮಟ್ಟಕ್ಕೆ ಹಾರಿದವು. ಜೋಪಾನವಾಗಿ ಅದನ್ನು ಮೇಜಿನ ಮೇಲಿಟ್ಟು, ಅಂಗೈ ನೋಡಿಕೊಂಡು, ಗಂಡನ ಕಡೆ ತಿರುಗಿದಳು. "ಇದನ್ನ ಮನೆಯೊಳಗೆ ಹೊಡೆದ್ರೆ ಮಕ್ಕಳ ಕಿವಿ ಏನಾಗುತ್ತೆ?" ಎಂದಳು. ಅವರು ಆ ವಿಷಯ ಯೋಚಿಸಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಯೋಚಿಸಿರಲಿಲ್ಲ.

ಅವರ ಪಿಸ್ತೂಲನ್ನು ಅದೇ ವಾರ ಅಂಗಡಿಗೆ ವಾಪಸು ಮಾರಿದರು. ನನ್ನದು ನನ್ನ ಹತ್ತಿರವೇ ಇದೆ. ನದಿಯ ದಾರಿಗೆ ಹೋಗುವಾಗ ಇಟ್ಟುಕೊಳ್ಳುತ್ತೇನೆ, ಜನರ ಮನೆಗೆ ಹೋಗುವಾಗ ಇಲ್ಲ. ಅದರ ಯಂತ್ರ ನನಗೆ ಈಗ ಪೂರ್ತಿ ಗೊತ್ತು, ಆದರೆ ಅದನ್ನು ಇಟ್ಟುಕೊಂಡ ಮನುಷ್ಯರ ವಿಷಯ ಇನ್ನೂ ಕುತೂಹಲ ಹುಟ್ಟಿಸುತ್ತದೆ.

ಆ ಶನಿವಾರ ಹೊರಗೆ ಬಂದಾಗ ತುಂತುರು ಬೀಳುತ್ತಿತ್ತು. ರೆಡ್ಮಂಡಿಗೆ ಹೋಗಿ ದೋಸೆ ತಿನ್ನೋಣ ಎಂದು ಮಾತಾಗಿತ್ತು. ನಾನು ನನ್ನ ಕಾರಿನಲ್ಲಿ ಕೂತು ಅವರ ಕಾರು ಹೊರಡಲೆಂದು ಕಾದೆ. ಹೊರಡಲಿಲ್ಲ. ಕಿಟಕಿಯ ಗಾಜು ಮಂಜಾಗತೊಡಗಿತ್ತು. ಅವಳು ಏನೋ ಕೇಳುತ್ತಿದ್ದಳು, ಅವರು ಕೈಯಾಡಿಸುತ್ತ ಹೇಳುತ್ತಿದ್ದರು. ನಮ್ಮ ಕಾರು ಹೀಗಿತ್ತು, ಅವನು ಇಲ್ಲಿ ಅಡ್ಡ ನಿಂತ, ಮಕ್ಕಳು ಹಿಂದೆ ಇದ್ದರು ಎಂಬಂತೆ. ಅವಳು ಸೀಟಿನಲ್ಲಿ ಪೂರ್ತಿಯಾಗಿ ಅವರ ಕಡೆ ತಿರುಗಿ ಕೂತಿದ್ದಳು. ನನಗೆ ಹಸಿವಾಗಿತ್ತು, ಆದರೂ ಹಾರ್ನ್ ಮಾಡಲಿಲ್ಲ.